ಹಸುವೇ ಇರಲಿ

ಜೂನ್ 12, ಕಣಕಟ್ಟೆ

ಹೈಸ್ಕೂಲಿನಲ್ಲಿ ಇನ್ನೊಂದು ಗುಂಪು. ಮಕ್ಕಳನ್ನು ಸುತ್ತ ಕೂರಿಸಿದೆ. ಮಧ್ಯದಲ್ಲಿ ರೆಕಾರ್ಡರ್. ಪ್ರಶ್ನೆ ಅದೇ — ನಿಮ್ಮ ವಯಸ್ಸಿನವರಿಗಾಗಿ ಹೊಸ ಸಂಗೀತ ನಾಟಕ ಮಾಡುತ್ತಿದ್ದೇವೆ, ಅದರಲ್ಲಿ ಏನಿರಬೇಕು? ಉತ್ತರಗಳೂ ಅವೇ. ಪರಿಸರ. ಮೊಬೈಲಿನ ದುಷ್ಪರಿಣಾಮ. ಗುರುಹಿರಿಯರಿಗೆ ಗೌರವ. ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಅವರು ಟೀಗೆ ಹೋದ ಮೇಲೆ ಒಬ್ಬ ಹುಡುಗ ಕೇಳಿದ, "ಮೇಡಂ, ನಾಟ್ಕ ಬೋರಾದ್ರೆ ಮಧ್ಯದಲ್ಲಿ ಎದ್ದೋಗ್ಬೋದಾ?"

ಇವತ್ತು ಸಿಕ್ಕ ಒಂದೇ ನಿಜವಾದ ಮಾತು.

ಇಷ್ಟು ವರ್ಷ ಟೂತ್‌ಪೇಸ್ಟು, ಬಿಸ್ಕತ್ತು, ಟೀಪುಡಿಗೆ ಸರ್ವೆ ಮಾಡಿದವಳು. ನಾಟಕಕ್ಕೆ ಇದೇ ಮೊದಲು. ಕೆಲಸ ಕೊಟ್ಟವರು ಅರಸೀಕೆರೆಯ ಇಂದುಧರ ಸರ್ — ತಂಡದ ನಿರ್ದೇಶಕರು, ಹಾಡು ಕಟ್ಟುವವರೂ ಅವರೇ. ಅವರಿಗೆ ಸರ್ವೆ ಬೇಕಿರಲಿಲ್ಲ. ಮೊದಲು ಮಕ್ಕಳನ್ನು ಕೇಳಿ, ಆಮೇಲೆ ಬರೆಯಿರಿ ಎಂದು ನೆರವು ಕೊಡುವ ಟ್ರಸ್ಟಿನವರು ಹಟ ಹಿಡಿದರು. ಸರ್ ತಲೆಯಲ್ಲಿ ನಾಟಕ ಆಗಲೇ ಸಿದ್ಧ. ರಾಣಿ, ಶಿಲ್ಪಿ, ನೃತ್ಯ.

ಬಸ್ಸು ತಡ. ಅಷ್ಟರಲ್ಲಿ ಅಪ್ಪನ ಫೋನು.

"ಹುಡುಗ್ರು ಏನಂದ್ವು?"

"ನಿಮಗೆ ಇಷ್ಟ ಆಗೋದನ್ನೇ ಅಂದ್ವಪ್ಪ."

ಜೂನ್ 20, ಹಳೇಬೀಡು

ಪ್ರಶ್ನೆ ಬದಲಾಯಿಸಿದೆ. ನಾಟಕದ ಮಾತೇ ಎತ್ತಲಿಲ್ಲ. ಯಾರೂ ಇಲ್ಲದಾಗ ಕೊನೆಯ ಸಲ ಹಾಡಿದ್ದು ಎಲ್ಲಿ?

ಮೊದಲು ನಗು. ಆಮೇಲೆ ಒಬ್ಬೊಬ್ಬರೇ. ಬಚ್ಚಲುಮನೆ. ಹೆಲ್ಮೆಟ್ಟಿನ ಒಳಗೆ. ಕತ್ತಲಲ್ಲಿ ತೋಟದ ಮೋಟರ್ ಹಾಕಲು ಹೋದಾಗ — "ಹೆದ್ರಿಕೆ ಆಯ್ತದೆ ಮೇಡಂ, ಅದ್ಕೇ." ಹುಲಿಕೆರೆಯಿಂದ ಬರುವ ಹುಡುಗನಿಗೆ ದನಿ ಒಡೆಯುತ್ತಿದೆ. ಹೇಳಿದ, "ಕಲ್ಯಾಣಿ ಮೆಟ್ಲಿಳ್ದು ಕೆಳಗೆ ಕೂತು ಹಾಡಿದ್ರೆ ದಪ್ಪ ಕೇಳ್ತದೆ. ಮೇಲೆ ಬಂದ್ರೆ ಮತ್ತೆ ಕೋಳಿ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ.

ನಾಟಕದಲ್ಲಿ ಹಾಡು ಬಂದರೆ ಏನು ಮಾಡುತ್ತೀರಿ? "ಬೋಂಡ ತಗಳಕ್ಕೆ ಹೋಗ್ತೀವಿ."

ಇವರಿಗೆ ಹಾಡು ಬೇಡವಾಗಿಲ್ಲ. ಹಾಡುವಾಗ ಯಾರೂ ನೋಡಬಾರದು, ಅಷ್ಟೆ. ಇದನ್ನು ವರದಿಯಲ್ಲಿ ಮೇಲೆ ಹಾಕಬೇಕು.

ಜೂನ್ 28, ಹಗರೆ. ಸಂಜೆ

ಹುಡುಗಿಯರ ಗುಂಪು. ಟೀಚರನ್ನು ಹೊರಗೆ ಕಳಿಸಿದೆ. ಯಾವಾಗಲೂ ಹೇಳುವುದನ್ನೇ ಹೇಳಿದೆ — ಇಲ್ಲಿ ಆಡಿದ ಮಾತು ಈ ಕೋಣೆ ದಾಟುವುದಿಲ್ಲ. ಟೂತ್‌ಪೇಸ್ಟಿಗೂ ಇದೇ ಮಾತು.

ಎಲ್ಲರೂ ಹೋದ ಮೇಲೆ ಒಬ್ಬಳು ಉಳಿದಳು. ಹೇಮಾಶ್ರೀ. ಎಸ್ಸೆಸ್ಸೆಲ್ಸಿ.

"ನಾನು ಕೊಟ್ಟಿಗೇಲಿ ಹಾಡ್ತೀನಿ ಅಕ್ಕಾ. ಹಾಲು ಕರೀವಾಗ. ಮನೇಲಿ ಹಾಡಂಗಿಲ್ಲ."

"ಯಾಕೆ?"

"ಗಾನವಿ ಹೋದ್ಮೇಲೆ ಅಪ್ಪ ಹಾಡು ಬ್ಯಾಡ ಅಂದ್ರು."

ಗಾನವಿ ಇವಳ ಅಕ್ಕ. ಮನೆಯಲ್ಲಿ ಹಾಡುತ್ತಿದ್ದವಳು ಅವಳೇ. ಗೊತ್ತುಮಾಡಿದ್ದ ಮದುವೆ ಬಿಟ್ಟು, ಇಷ್ಟಪಟ್ಟವನ ಜೊತೆ ತಿಪಟೂರಿಗೆ ಹೋದಳು. ಮನೆಯಲ್ಲಿ ಅವಳ ಹೆಸರೆತ್ತುವಂತಿಲ್ಲ. ಆದರೆ ಹೇಮಾಶ್ರೀ ಡೇರಿಗೆ ಹಾಲು ಹಾಕಲು ಹೋದಾಗ, ಡೇರಿ ಸೆಕ್ರೆಟರಿ ಕೆಂಚಯ್ಯನವರ ಫೋನಿಗೆ ಅಕ್ಕ ಕರೆ ಮಾಡುತ್ತಾಳೆ. ಒಂದೆರಡು ಸಾಲು ಹಾಡು ಹೇಳಿಕೊಡುತ್ತಾಳೆ. ಬೆಳಿಗ್ಗೆ ಇವಳು ಅದನ್ನು ಹಸುಗಳ ಮುಂದೆ ಹಾಡುತ್ತಾಳೆ.

"ಅಪ್ಪಂಗೆ ಗೊತ್ತಾದ್ರೆ ಡೇರಿಗೂ ಕಳ್ಸಲ್ಲ, ಸ್ಕೂಲಿಗೂ ಕಳ್ಸಲ್ಲ. ಯಾರಿಗೂ ಹೇಳಿಲ್ಲ ಅಕ್ಕಾ. ನೀವು ಕೋಣೆ ದಾಟಲ್ಲ ಅಂದ್ರಲ್ಲ..."

ಹೂಂ ಅಂದೆ. ಬ್ಯಾಗು ತೆಗೆದುಕೊಂಡು ಓಡಿದಳು. ಹಾಲಿನ ಹೊತ್ತು.

ಜುಲೈ 6, ಅರಸೀಕೆರೆ

ವರದಿ ಕೊಟ್ಟೆ. ಹೇಮಾಶ್ರೀಯ ವಿಷಯ ಅದರಲ್ಲಿ ಹಾಕಿರಲಿಲ್ಲ. ಸರ್ ವರದಿ ತೆರೆಯಲೇ ಇಲ್ಲ.

"ಶಿಲ್ಪಾ, ಅದಿರ್ಲಿ. ಆ ಹಗರೆ ಹುಡುಗಿ!"

ಮಕ್ಕಳು ಗುನುಗಿದ ಧಾಟಿ ಕೇಳಲಿ ಎಂದು ರೆಕಾರ್ಡಿಂಗುಗಳನ್ನು ಕಳಿಸಿದ್ದೆ. ಅವಳು ಮಾತಾಡುವಾಗ ರೆಕಾರ್ಡರ್ ನಿಲ್ಲಿಸಿರಲಿಲ್ಲ. ಕಳಿಸುವ ಮುಂಚೆ ಒಮ್ಮೆ ಹಾಕಿ ಕೇಳಲೂ ಇಲ್ಲ.

"ರಾಣಿ ಗೀಣಿ ಎಲ್ಲಾ ಬಿಟ್ಟೆ. ಇದೇ ನಾಟಕ."

"ಸರ್, ಹೊರಗೆ ಹೋಗಲ್ಲ ಅಂತ ಮಾತು ಕೊಟ್ಟಿದೀನಿ."

"ಹೆಸರು ಬದಲಾಯಿಸ್ತೀನಿ. ಊರೂ ಬದಲಾಯಿಸ್ತೀನಿ. ಹಸು ಬದಲು ಆಡು. ಡೇರಿ ಬದಲು ದಿನಸಿ ಅಂಗಡಿ. ಯಾರಿಗೆ ಗೊತ್ತಾಗುತ್ತೆ ಹೇಳು?"

"ಹಗರೆಯವರಿಗೆ."

ನಕ್ಕರು. ಹಾರ್ಮೋನಿಯಂ ಎಳೆದುಕೊಂಡು, ಕಟ್ಟಿದ್ದ ಹಾಡು ಕೇಳಿಸಿದರು. ಚೆನ್ನಾಗಿತ್ತು. ಚೆನ್ನಾಗಿಲ್ಲದಿದ್ದರೆ ಜಗಳ ಸುಲಭವಾಗುತ್ತಿತ್ತು.

ಆಗಸ್ಟ್ 14, ಅರಸೀಕೆರೆ

ಸ್ಕ್ರಿಪ್ಟ್ ಮುಗಿದಿದೆ. ಇವತ್ತು ಪಿಯುಸಿ ಮಕ್ಕಳ ಮುಂದೆ ಓದಿಸಿ, ಹಾಡಿಸಿ ನೋಡಿದೆವು. ನನ್ನದೇ ಏರ್ಪಾಡು — ಎಲ್ಲರ ಕೈಯಲ್ಲೂ ಒಂದು ಕೆಂಪು, ಒಂದು ಹಸಿರು ಕಾರ್ಡು. ಬೋರಾದರೆ ಕೆಂಪು, ಹಿಡಿಸಿದರೆ ಹಸಿರು. ಮೊದಲ ದೃಶ್ಯದಲ್ಲಿ ಕೆಂಪೇ ಕೆಂಪು. ಸರ್ ಮುಖವೂ.

ಆಡುಗಳಿಗೆ ಹಾಡುವ ಹುಡುಗಿಯ ದೃಶ್ಯ ಬಂತು. ಯಾವ ಕಾರ್ಡೂ ಮೇಲೇಳಲಿಲ್ಲ. ಅಳೆಯುವ ಯಂತ್ರ ಕೆಟ್ಟುಹೋದವರಂತೆ ನೋಡುತ್ತ ಕೂತೆ. ಆಮೇಲೆ ತಿಳಿಯಿತು — ಎತ್ತುವುದನ್ನೇ ಮರೆತಿದ್ದಾರೆ.

"ನಿನ್ನ ಸರ್ವೇನೇ ಹೇಳ್ತಿದೆಯಲ್ಲಮ್ಮ" ಅಂದರು ಸರ್.

ಹೇಳುತ್ತಿದೆ. ನಾನೇ ಬರೆದೆ — ಈ ದೃಶ್ಯದಲ್ಲಿ ಬದಲಾವಣೆ ಬೇಡ.

ಮೊದಲ ಪ್ರದರ್ಶನ ನವೆಂಬರಿನಲ್ಲಿ, ಬೇಲೂರು. ಸುತ್ತಲ ಶಾಲೆಗಳಿಗೆಲ್ಲ ಆಹ್ವಾನ. ಪೋಷಕರಿಗೂ. ಹಗರೆಗೂ.

ಆಗಸ್ಟ್ 17, ಹಗರೆ

ಶಾಲೆ ಬಿಡುವ ಹೊತ್ತಿಗೆ ರಸ್ತೆ ಪಕ್ಕ ನಿಂತೆ. ಹೇಮಾಶ್ರೀ ದೂರದಿಂದಲೇ ಕೈಬೀಸಿದಳು. ನಡೆದದ್ದನ್ನು ಹೇಳಿದೆ. ರೆಕಾರ್ಡರ್, ಸರ್, ಸ್ಕ್ರಿಪ್ಟು. ನಾಟಕದ ಕೊನೆಯೊಂದನ್ನು ಬಿಟ್ಟು ಎಲ್ಲವನ್ನೂ.

"ಆಡಾ?" ಅಂದಳು ಮೊದಲು. "ಆಡು ಹಾಡು ಕೇಳ್ತಾವಾ? ಕಿವಿನೇ ಕೊಡಲ್ಲ ಅವು."

ಆಮೇಲೆ ನಗು ಹೋಯಿತು. ಬ್ಯಾಗಿನ ಪಟ್ಟಿ ಬೆರಳಿಗೆ ಸುತ್ತುತ್ತ ನಿಂತಳು.

"ಬೇಲೂರಲ್ಲಾ? ನಮ್ಮೂರವ್ರೆಲ್ಲಾ ಬತ್ತಾರೆ. ಅಪ್ಪನೂ ಬತ್ತಾರೆ. ನೀವು ಕೋಣೆ ದಾಟಲ್ಲ ಅಂದಿದ್ರಿ ಅಕ್ಕಾ."

"ಅಂದಿದ್ದೆ."

"ಮತ್ತೆ?"

ಮತ್ತೆ ಏನು. ತಪ್ಪಾಯಿತು ಅಂದೆ. ಬೇಡ ಅಂದರೆ ತೆಗೆಸುತ್ತೇನೆ ಅಂದೆ. ನಾಟಕದಲ್ಲಿ ಬೇಡ ಅಂದಳು. ಜೋರಾಗಿ ಅಲ್ಲ. ನನ್ನ ನಂಬರು ಬರೆದ ಚೀಟಿ ಕೊಟ್ಟೆ. ತಿರುಗಿ ನೋಡದೆ ಹೋದಳು. ಈ ಸಲ ಕೈಬೀಸಲಿಲ್ಲ.

ಆಗಸ್ಟ್ 19, ಅರಸೀಕೆರೆ

ಬೆಳಿಗ್ಗೆಯೇ ಸರ್ ಮನೆ.

"ಹುಡುಗಿ ಬೇಡ ಅಂದ್ಲು ಸರ್. ದೃಶ್ಯ ತೆಗೀರಿ."

"ತೆಗೆದ್ರೆ ಏನು ಉಳಿಯುತ್ತೆ?"

"ಗೊತ್ತಿಲ್ಲ."

"ಒಂದು ಮಗೂ ಕಾರ್ಡೆತ್ತಲಿಲ್ಲ ಕಣಮ್ಮ. ಮೂವತ್ತು ವರ್ಷ ನಾಟಕ ಮಾಡಿದೀನಿ. ಹಂಗೆ ಕೂತು ನೋಡಿದ್ದು ಕಂಡಿಲ್ಲ."

ನಾನೂ ಕಂಡಿಲ್ಲ. ಆದರೂ ಹೇಳಿದೆ — ತೆಗೆಯದಿದ್ದರೆ ನಾನಿರಲ್ಲ, ಯಾಕೆಂದು ಟ್ರಸ್ಟಿಗೂ ಹೇಳುತ್ತೇನೆ. ಒಳಗಿನಿಂದ ಕಾಫಿ ಬಂತು. ಇಬ್ಬರೂ ಮುಟ್ಟಲಿಲ್ಲ.

"ನಮಗೂ ಒಬ್ಳು ಮಗಳಿದಾಳೆ" ಅಂದರು ಕೊನೆಗೆ. ಸ್ಕ್ರಿಪ್ಟಿನ ಆ ಹಾಳೆಗಳನ್ನು ಬಿಡಿಸಿ ನನ್ನ ಕೈಗೆ ಕೊಟ್ಟರು. "ತಗೊಂಡ್ಹೋಗು. ನನ್ನ ಹತ್ರ ಇದ್ರೆ ಮತ್ತೆ ಸೇರಿಸ್ಬಿಡ್ತೀನಿ."

ಸೆಪ್ಟೆಂಬರ್ 2

ರಿಹರ್ಸಲ್. ಮಧ್ಯದಲ್ಲಿ ತೂತು. ಸರ್ ಅಲ್ಲಿ ಒಂದು ಕುಣಿತ ತುಂಬಿದ್ದಾರೆ. ಇವತ್ತು ಬಂದ ಮಕ್ಕಳು ನೀರು ಕುಡಿಯಲು ಎದ್ದು ಹೋದರು. ಬರೆದುಕೊಂಡೆ.

ಸೆಪ್ಟೆಂಬರ್ 22

ಗೊತ್ತಿಲ್ಲದ ನಂಬರು. ಟೂತ್‌ಪೇಸ್ಟಿನವರು ಅಂದುಕೊಂಡು ಎತ್ತಿದೆ.

"ಅಕ್ಕಾ, ನಾನು. ಡೇರಿಯಿಂದ. ಅಪ್ಪಂಗೆ ಹೇಳ್ಬಿಟ್ಟೆ."

ಯಾಕೆ ಅಂದೆ. "ಈ ನಾಟ್ಕದಲ್ಲಿ ಇಲ್ದಿದ್ರೆ ಇನ್ಯಾರೋ ಹೇಳ್ತಾರೆ. ನೀವು ಬಂದೋದ್ಮೇಲೆ ಡೇರಿಗೆ ಬರಾಕೇ ಭಯ ಆಗೋದು. ದಿನಾ ಹೆದ್ರಕಂಡು ಎಷ್ಟ್ ದಿನ ಅಂತ ಇರ್ಲಿ?"

ಅಪ್ಪ ಜವರಪ್ಪನವರು ಹಾಲು ಕರೆಯುತ್ತಿದ್ದರಂತೆ. ಹೇಳಿದಳು. ಕರೆಯುವುದು ನಿಲ್ಲಿಸಲಿಲ್ಲ. ಕರೆದು ಮುಗಿಸಿ, ಕ್ಯಾನು ತಾವೇ ಎತ್ತಿಕೊಂಡು ಡೇರಿಗೆ ಹೋದರು. ಕೆಂಚಯ್ಯನವರನ್ನು ಏನೂ ಕೇಳಲಿಲ್ಲ. ಅಷ್ಟು ಜನರ ಮುಂದೆ ಅವರ ಮುಖವನ್ನೇ ನೋಡಿ ಬಂದರಂತೆ. ಆಮೇಲೆ ಮನೆಯಲ್ಲಿ ಯಾರ ಹತ್ತಿರವೂ ಮಾತಿಲ್ಲ. ಇವಳು ಮಾರನೆಯ ದಿನ ಹೆದರಿಕೊಂಡೇ ಸ್ಕೂಲಿಗೆ ಹೊರಟಳು. ತಡೆಯಲಿಲ್ಲ. ನಿನ್ನೆ ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತ, ತಲೆ ಎತ್ತದೆ ಕೇಳಿದರಂತೆ,

"ಏನಂತಾಳೆ?"

"ಬಸುರಿಯಂತಪ್ಪ" ಅಂದಳಂತೆ ಇವಳು.

"ಅಮ್ಮ ಅಳಕ್ಕೆ ಶುರು ಮಾಡ್ತು. ಅಪ್ಪ ಅರ್ಧಕ್ಕೇ ಕೈ ತೊಳ್ಕಂಡು ಎದ್ದೋದ್ರು. ಬೈಯ್ಲಿಲ್ಲ ಅಕ್ಕಾ. ಒಂದೂ ಬೈಯ್ಲಿಲ್ಲ. ಇವತ್ತೂ ಡೇರಿಗೆ ನನ್ನನ್ನೇ ಕಳ್ಸಿದ್ರು."

ಅವಳೇ ಮುಂದುವರಿಸಿದಳು.

"ಈಗ ಹಾಕ್ಕಳ್ಳಿ ನಿಮ್ಮ ನಾಟ್ಕಕ್ಕೆ. ಅಪ್ಪಂಗೂ ಹೇಳೀನಿ, ಹೂಂ ಅನ್ಲಿಲ್ಲ, ಉಹೂಂನೂ ಅನ್ಲಿಲ್ಲ. ಆದ್ರೆ ಆಡು ಬ್ಯಾಡ. ಹಸುವೇ ಇರ್ಲಿ. ಮತ್ತೆ ಕೊನೇಲಿ ಅಕ್ಕನ್ನ ಸಾಯಿಸ್ಬ್ಯಾಡಿ."

ಸರ್ ಸ್ಕ್ರಿಪ್ಟಿನಲ್ಲಿ ಸಾಯಿಸಿದ್ದರು. ಅದು ಇವಳಿಗೆ ಹೇಗೆ ಗೊತ್ತಾಯಿತು? ಗೊತ್ತಿರಲಿಲ್ಲವಂತೆ. "ನಾಟ್ಕದಲ್ಲಿ ಓಡೋದೋರು ಸಾಯ್ತಾರೆ, ಅದ್ಕೇ ಅಂದೆ."

ಹಾಳೆಗಳನ್ನು ಸರ್‌ಗೆ ವಾಪಸ್ ಕೊಟ್ಟೆ. ಎರಡು ಷರತ್ತನ್ನೂ ಹೇಳಿದೆ. ಸಾವು ತೆಗೆದರೆ ಕೊನೆಯ ಹಾಡೇ ಹೋಗುತ್ತದೆ ಎಂದು ಗೊಣಗಿದರು. ಸಂಜೆಗೆ ಬೇರೆ ಹಾಡು ಕಟ್ಟಿ ಫೋನಿನಲ್ಲೇ ಹಾಡಿದರು.

ನವೆಂಬರ್ 16, ಬೇಲೂರು. ಪ್ರದರ್ಶನ ಮುಗಿದ ಮೇಲೆ

ಸಭಾಂಗಣ ತುಂಬಿತ್ತು. ನಾನು ವೇದಿಕೆಯ ಪಕ್ಕದಲ್ಲಿ, ಪ್ರೇಕ್ಷಕರ ಕಡೆ ಮುಖ ಮಾಡಿ ಕೂತೆ. ನಾಟಕ ನೋಡಲಿಲ್ಲ, ನೋಡುವವರನ್ನು ನೋಡಿದೆ. ಅದು ಕೆಲಸ. ಮೊದಲ ಹಾಡಿಗೆ ಹಿಂದಿನ ಸಾಲಿನಲ್ಲಿ ಶಿಳ್ಳೆ. ಎದ್ದು ಹೋದವರು ಕಡಿಮೆ.

ಹಗರೆಯವರು ಎಡಗಡೆ. ಹೇಮಾಶ್ರೀ, ಅವಳಮ್ಮ, ತುದಿಯಲ್ಲಿ ಜವರಪ್ಪನವರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಕೊಟ್ಟಿಗೆಯ ದೃಶ್ಯ ಬಂದಾಗ ಹುಡುಗಿ ಅಪ್ಪನನ್ನು ನೋಡುತ್ತಿದ್ದಳು. ನಾನೂ. ಅವರು ಕೈಕಟ್ಟಿ ಕೂತಿದ್ದರು. ಮುಖದಲ್ಲಿ ಏನೂ ಓದಲಾಗಲಿಲ್ಲ. ನನ್ನ ಹಾಳೆಯಲ್ಲಿ ಆ ಜಾಗ ಖಾಲಿ ಇದೆ. ಹಾಡು ಮುಗಿದು ಎಲ್ಲರೂ ಚಪ್ಪಾಳೆ ತಟ್ಟಿದಾಗ ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ಸೆಖೆ ಇರಲಿಲ್ಲ.

ಮುಗಿದ ಮೇಲೆ ಹೇಮಾಶ್ರೀ ಬಂದು ಕೈ ಹಿಡಿದುಕೊಂಡಳು. ಹಸುವಿನ ಕೊರಳ ಗಂಟೆ ಸರಿಯಿಲ್ಲ, ಕರೆಯುವಾಗ ಅಷ್ಟು ಅಲ್ಲಾಡಲ್ಲ ಅಂದಳು. ಸರ್ ಅಲ್ಲೇ ಇದ್ದರು, ತಿದ್ದಿಸ್ತೀನಿ ಅಂದರು.

ಜವರಪ್ಪನವರು ಸ್ವಲ್ಪ ದೂರ ನಿಂತಿದ್ದರು. ಹೆಂಡತಿಯನ್ನೂ ಮಗಳನ್ನೂ ಮುಂದೆ ಕಳಿಸಿ ನನ್ನ ಹತ್ತಿರ ಬಂದರು. ಬೈಯಿಸಿಕೊಳ್ಳಲು ತಯಾರಾದೆ.

"ಸರ್ವೆ ಮಾಡೋ ಮೇಡಮ್ಮು ನೀವೇಯಾ?"

"ಹೌದು."

ನೆಲ ನೋಡಿದರು.

"ಈ ನಾಟ್ಕ ತಿಪಟೂರಲ್ಲೂ ಆಡ್ತೀರಾ?"

ತಿಪಟೂರು ನಮ್ಮ ಪಟ್ಟಿಯಲ್ಲೇ ಇಲ್ಲ. ಆಡ್ತೀವಿ ಅಂದೆ.

"ಯಾವತ್ತು?"

"ಇನ್ನೂ ಗೊತ್ತಾಗಿಲ್ಲ. ಗೊತ್ತಾದ ತಕ್ಷಣ ಹೇಳ್ತೀನಿ."

"ಹೇಳಿ" ಅಂದರು. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿದರು. "ಬ್ಯಾಗ ಆದ್ರೆ ಒಳ್ಳೇದು ಕಣ್ರೀ. ಅವಳಿಗೆ ಈಗ ತಿಂಗಳು..."

ಬಸ್ಸಿನ ಹಾರನ್ನು. ಹೋದರು. ಸರ್ ಒಳಗೆ ಸಾಮಾನು ಕಟ್ಟಿಸುತ್ತಿದ್ದಾರೆ. ಹೋಗಿ ಹೇಳಬೇಕು, ತಿಪಟೂರಿನಲ್ಲಿ ಒಂದು ಜಾಗ ಹುಡುಕಿ, ಯಾವುದಾದರೂ ಸರಿ, ಈ ತಿಂಗಳೇ —