ಒದ್ದೆ ಸೌಟು

ಬಂಗಾರಪೇಟೆಯ ಮಹಾರಾಣಿ ಮುನಿರತ್ನಕ್ಕನವರ ಪಾದಗಳಿಗೆ, ರಾಬರ್ಟ್‌ಸನ್‌ಪೇಟೆಯ ಅಡುಗೆಮನೆಯಿಂದ ಗಡಿಪಾರಾದ ತಂಗಿಯ ನಮಸ್ಕಾರ.

ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿ ಬೂಷ್ಟು ಹಿಡಿಸಿದವಳು ನೀನು. ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುವ ವಾರವೆಂದು ತಪ್ಪನ್ನು ನಾನು ಹೊತ್ತೆ. “ಮದ್ವೆ ಆಗ್ಲಿ, ಅಮ್ಮಂಗೆ ನಾನೇ ಯೋಳ್ತೀನಿ ಕಣೇ” ಎಂದು ನೀನು ಮಾತು ಕೊಟ್ಟಿದ್ದೆ. ಅಂದಿನಿಂದ ಅಮ್ಮ ನನ್ನನ್ನು ಜಾಡಿಯ ಹತ್ತಿರ ಬಿಟ್ಟಿರಲಿಲ್ಲ.

ಇವತ್ತು, ತವರಿಗೆ ಬಂದಿದ್ದ ನೀನು ಗಂಡನ ಮನೆಗೆ ರೈಲು ಹತ್ತುವ ಮುಂಚೆ, ಹೊಸ ಉಪ್ಪಿನಕಾಯಿ ತುಂಬಲೆಂದು ಇಂಗಿನ ಹೊಗೆ ಹಾಕಿ ಒಣಗಿಸಿದ ಜಾಡಿಯನ್ನು ಅಮ್ಮ ಕೊನೆಗೂ ನನ್ನ ಕೈಗೆ ಕೊಡಲು ಬಂದಳು.

“ಇವಳ ಕೈಗಾ? ಬ್ಯಾಡಮ್ಮೋ, ಮತ್ತೆ ಬೂಷ್ಟು ಬರ್ಸ್ತಾಳೆ” ಅಂದೆಯಲ್ಲ ನೀನು.

ಅಮ್ಮ ಜಾಡಿಯನ್ನು ಅಟ್ಟಕ್ಕೇರಿಸಿದಳು. ನೀನು ನನ್ನ ಮುಖ ನೋಡುತ್ತಾ ನಾನು ನಗಲೆಂದು ಕಾದೆ. ಈ ಸಲವೂ ನಿನ್ನ ಗುಟ್ಟು ಬಿಡದೆ ನಾನು ಅಮ್ಮನಿಗಿಂತ ಮೊದಲೇ ನಕ್ಕೆ.