ನೇರ ಹೋಗುವ ಹಡಗು

ಅಣ್ಣಾ,

ನಾನು ಶಾಲೆ ಬಿಟ್ಟದ್ದು ಲೆಕ್ಕ ತಲೆಗೆ ಹತ್ತದೆ ಅಲ್ಲ, ನಿನ್ನಂತೆ ಹಡಗು ಹತ್ತುವ ಹುಚ್ಚಿನಿಂದ. ಇದನ್ನು ನಿನಗೂ ಹೇಳಿರಲಿಲ್ಲ. ಆ ಜಲಸಂಧಿಯಲ್ಲಿ ಕ್ಷಿಪಣಿ ಬಿದ್ದು ನಿನ್ನ ಹಡಗು ಮುಳುಗಿತು. ಈಗ ಹೇಳೋಣವೆಂದರೆ ನೀನಿಲ್ಲ.

ಇವತ್ತು ಕ್ಯಾಪ್ಟನ್ ನಮ್ಮನ್ನೆಲ್ಲ ನಮ್ಮೂರ ಬಂದರಿನಲ್ಲಿ ನಿಂತಿರುವ ಹಡಗಿನ ಊಟದ ಕೋಣೆಯಲ್ಲಿ ಕೂರಿಸಿದರು. "ಕದನವಿರಾಮ ಆಗಿದೆಯಂತೆ. ಎಷ್ಟು ದಿನ ಇರುತ್ತೋ ಅದನ್ನು ಮಾಡಿದ ದೊಡ್ಡವರಿಗೂ ಗೊತ್ತಿಲ್ಲ. ನಾವು ಅದೇ ಜಲಸಂಧಿಯಲ್ಲಿ ಹೋಗ್ತೀವಿ. ಬೇಡ ಅನ್ನೋರು ಈಗಲೇ ಇಳೀಬಹುದು" ಎಂದರು. ಮೊದಲು ಎದ್ದವನು ಅಡುಗೆಯವನು. "ನನ್ನ ಅಡುಗೆ ತಿಂದು ಬದುಕಿದೋರಿಗೆ ಕ್ಷಿಪಣಿ ಏನು ಮಾಡುತ್ತೆ? ನೀವು ಹೋಗ್ರಪ್ಪ, ನನಗೆ ಭಯ" ಎಂದ. ಎಲ್ಲರೂ ನಕ್ಕರು. ಇನ್ನಿಬ್ಬರು ಅವನ ಹಿಂದೆಯೇ ಇಳಿದರು. ನಾನು ಕೂತೇ ಇದ್ದೆ.

ಮನೆಗೆ ಬಂದಾಗ ಅಮ್ಮ ಕೇಳಿದಳು, "ಆ ಜಲಸಂಧಿ ಬಿಟ್ಟು ಸುತ್ತಿಕೊಂಡು ತಾನೇ ಹೋಗೋದು?"

ನೀನು ಹೊರಟಾಗಲೂ ಇದನ್ನೇ ಕೇಳಿದ್ದಳು. ನೀನು "ಹೂಂ ಅಮ್ಮಾ" ಎಂದಿದ್ದೆ. ಅವತ್ತು ಅವಳು ಚೆನ್ನಾಗಿ ನಿದ್ದೆ ಮಾಡಿದಳು.

"ಇಲ್ಲಮ್ಮ, ನೇರ ಹೋಗ್ತೀವಿ" ಎಂದೆ.

"ನಿಮ್ಮಣ್ಣ ಸುಳ್ಳಾದ್ರೂ ಹೇಳಿದ್ದ ಕಣೋ" ಎಂದಳು.

ಆಮೇಲೆ ನನ್ನ ಬ್ಯಾಗಿನಲ್ಲಿದ್ದ ಬಟ್ಟೆಗಳನ್ನೆಲ್ಲ ತೆಗೆದು ಬೀರುವಿಗೆ ಹಾಕಿದಳು. ಅವಳು ಒಳಗೆ ಹೋದ ಮೇಲೆ ನಾನು ಮತ್ತೆ ತುಂಬಿಕೊಂಡೆ.

ನಾಳೆ ಬೆಳಿಗ್ಗೆ ಹೊರಡುತ್ತೇನೆ.