ಬರಿಗೋಡೆ ಓದಿ ಪಾಸಾದವನ ಅರ್ಜಿ

ಚಾಲಕರ ಕಣ್ಣು ಪರೀಕ್ಷಿಸಿ ಸಹಿ ಹಾಕುವ ಮಾನ್ಯ ವೈದ್ಯಾಧಿಕಾರಿಗಳೇ,

ಕಳೆದ ತಿಂಗಳು ಹನ್ನೊಂದನೇ ತಾರೀಕು ನಿಮ್ಮ ಕೋಣೆಯಲ್ಲಿ ನಾನು ಒಂದು ಬರಿಗೋಡೆಯನ್ನು ಓದಿದೆ. ಕೊನೆಯ ಸಾಲಿನ ಐದೂ ಅಕ್ಷರ ಸರಿಯಾಗಿ ಓದಿದ್ದಾನೆ, ಬಸ್ ಓಡಿಸಲು ಯೋಗ್ಯ ಎಂದು ನೀವು ಬರೆದುಕೊಟ್ಟಿರಿ. ಆ ಕಾಗದವನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳುವುದಕ್ಕೆ ಈ ಪತ್ರ. ಬರೆಯುತ್ತಿಲ್ಲ, ಹೇಳುತ್ತಿದ್ದೇನೆ, ನಾನು ಮಾತಾಡುತ್ತೇನೆ, ಪಕ್ಕದಲ್ಲಿ ಕೂತ ಮಗಳು ಕೇಳಿಸಿಕೊಂಡು ಫೋನಿನಲ್ಲಿ ಟೈಪ್ ಮಾಡುತ್ತಾಳೆ. ಮಾತು ಉದ್ದವಾದರೆ ಕ್ಷಮಿಸಿ. ‘ಚಾಲಕರೊಂದಿಗೆ ಮಾತನಾಡಬೇಡಿ’ ಎಂಬ ಬೋರ್ಡಿನ ಕೆಳಗೆ ಇಪ್ಪತ್ತಾರು ವರ್ಷ ಕೂತವನು ನಾನು. ಆಡದೆ ಉಳಿದದ್ದು ಬಹಳ ಇದೆ.

ನನಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ವರ್ಷದಿಂದ ಕಣ್ಣು ನನ್ನ ಮಾತು ಕೇಳುತ್ತಿಲ್ಲ. ಶುಗರ್ ಏರಿದ ದಿನ ದೂರದ್ದೆಲ್ಲ ಹಬೆ ಹಿಡಿದ ಗಾಜಿನ ಹಾಗೆ. ಇಳಿದ ದಿನ ದೂರ ತಿಳಿಯಾಗುತ್ತದೆ, ಕೈಯಲ್ಲಿರುವ ಕಾಗದ ಮಸುಕಾಗುತ್ತದೆ. ಒಂದೇ ವರ್ಷದಲ್ಲಿ ಮೂರು ಕನ್ನಡಕ ಮಾಡಿಸಿದೆ. ಮೂರೂ ಸರಿಯಾಗಿದ್ದವು, ಅಳತೆ ತೆಗೆದ ದಿನದ ಮಟ್ಟಿಗೆ. ಹೊರಗಿನ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಒಳಗಿನ ಪರದೆಯಲ್ಲಿ ಸಣ್ಣ ರಕ್ತನಾಳಗಳು ಸೋರುತ್ತಿವೆ, ಚಿಕಿತ್ಸೆ ಬೇಕು, ಸದ್ಯಕ್ಕೆ ಬಸ್ ಬೇಡ ಎಂದರು. ನಿಮ್ಮ ಫಾರಂನಲ್ಲಿ ಬಲಗಣ್ಣಿಗೆ ಒಂದು ಖಾನೆ, ಎಡಗಣ್ಣಿಗೆ ಒಂದು ಖಾನೆ ಇದೆ. ಬೆಳಗಿನ ಕಣ್ಣಿಗೆ, ಊಟದ ನಂತರದ ಕಣ್ಣಿಗೆ ಯಾವ ಖಾನೆ, ಸ್ವಾಮಿ?

ಪರೀಕ್ಷೆಗೆ ನಾಲ್ಕು ದಿನ ಮುಂಚೆ ಒಂದು ಸಂಗತಿ ನಡೆಯಿತು. ನನ್ನ ಹೆಂಡತಿ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಮ್ಮ ಮನೆ ಹತ್ತಿರದ ಸ್ಟಾಪಿನಲ್ಲಿ ನಿಲ್ಲುತ್ತಾಳೆ. ಬಸ್ ನಿಲ್ಲಿಸಿ, ಕಿಟಕಿಯಿಂದ ಕೈ ಚಾಚಿ ಡಬ್ಬಿ ಇಸಿದುಕೊಂಡು ಹೊರಡುವುದು ಎಷ್ಟೋ ವರ್ಷದ ರೂಢಿ. ಅಂದು ಸ್ಟಾಪಿನಲ್ಲಿ ಯಾರೂ ಇಲ್ಲವೆಂದು ನಿಲ್ಲಿಸದೆ ಹೋದೆ. ಸಂಜೆ ಮನೆಗೆ ಬಂದಾಗ ಡಬ್ಬಿ ಬಿಚ್ಚದೆ ಮೇಜಿನ ಮೇಲೆ ಕೂತಿತ್ತು.

"ನನ್ನ ಮೇಲೆ ಕೋಪ ಇದ್ರೆ ಬಾಯಿಬಿಟ್ಟು ಹೇಳಿ. ಹೀಗೆ ಮುಖ ನೋಡ್ಕೊಂಡೇ ಹೋಗೋದಾ?" ಎಂದಳು.

"ನೀನು ಅಲ್ಲಿದ್ಯಾ?"

"ಇದ್ಯಾ ಅಂತ ಬೇರೆ ಕೇಳ್ತೀರಲ್ಲ! ನೀವು ನಿಲ್ಲಿಸಲ್ಲ ಅಂತ ಗೊತ್ತಾಗಿ ರಸ್ತೆಗಿಳಿದು ಕೈ ಅಡ್ಡ ಹಿಡಿದೆ. ಕನ್ನಡಿ ಇಷ್ಟರಲ್ಲಿ ಹೋಯ್ತು." ಗೇಣು ತೋರಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ಅನ್ನ ಬಿಸಿ ಮಾಡಿ ಬಡಿಸಿದಳು. ತಿಂದೆ. ಭಯವಾಗಬೇಕಿತ್ತು, ಆಗಲಿಲ್ಲ. ಕಾಲಿನ ಬೆರಳುಗಳಿಗೆ ಜೋಮು ಹಿಡಿದು ವರ್ಷವಾಯಿತು. ಅದು ಮೇಲಕ್ಕೂ ಹತ್ತಿದೆಯೋ ಏನೋ.

ನಿಮ್ಮ ಕೋಣೆಗೆ ಬಂದದ್ದು ‘ನನಗೆ ಕಾಣುವುದಿಲ್ಲ’ ಎಂದು ಹೇಳುವುದಕ್ಕೇ. ಆದರೆ ಒಂದು ವಿಷಯ ನಿಮಗೆ ತಿಳಿದಿರಬೇಕು, ಅಥವಾ ತಿಳಿದೂ ತಿಳಿಯದ ಹಾಗೆ ಇದ್ದೀರಿ. ನಿಮ್ಮ ಅಕ್ಷರದ ಚಾರ್ಟು ನಾನು ಕೆಲಸಕ್ಕೆ ಸೇರಿದಾಗಿನಿಂದ ಬದಲಾಗಿಲ್ಲ. ಅದರ ಕೊನೆಯ ಸಾಲು ಡಿಪೋದಲ್ಲಿ ಎಲ್ಲರಿಗೂ ಬಾಯಿಪಾಠ. ಹೊಸಬರು ಬಂದರೆ ರೂಟಿಗಿಂತ ಮೊದಲು ಅದನ್ನು ಕಲಿಸುತ್ತೇವೆ. ‘ಟ ದ ಪ ಹ ಸ’. ಟೀ ಕುಡಿಯುವಾಗ ತಮಾಷೆಗೆ ಹೇಳಿಕೊಳ್ಳುತ್ತೇವೆ. ಅಂದು ನಿಮ್ಮ ಸಹಾಯಕರು ನನ್ನನ್ನು ಗೆರೆಯ ಮೇಲೆ ನಿಲ್ಲಿಸಿ, "ಹ್ಞೂಂ, ಕೊನೇ ಸಾಲು ಓದಿ" ಎಂದರು. ಎದುರಿಗೆ ಬರೀ ಬೆಳ್ಳಗೆ ಕಂಡಿತು. ಕಾಣುವುದಿಲ್ಲ ಎನ್ನಲು ಬಾಯಿ ತೆರೆದೆ. ಹೊರಗೆ ಬಂದದ್ದು ಟ ದ ಪ ಹ ಸ. ಅಭ್ಯಾಸವೋ, ಹೆದರಿಕೆಯೋ, ಈಗಲೂ ಗೊತ್ತಿಲ್ಲ. ನೀವು ತಲೆ ತಗ್ಗಿಸಿಕೊಂಡೇ ಸಹಿ ಹಾಕಿದಿರಿ.

ನನ್ನ ಹಿಂದೆ ಸರದಿಯಲ್ಲಿ ಬಾಗಿಲ ಬಳಿ ನಿಂತಿದ್ದವನು ನಮ್ಮ ಡಿಪೋದ ಇನ್ನೊಬ್ಬ ಚಾಲಕ. ನಾವೆಲ್ಲ ಅವನನ್ನು ಗುಂಡಣ್ಣ ಎನ್ನುತ್ತೇವೆ. ಹೊರಗೆ ಬಂದು ನನ್ನ ತೋಳು ಹಿಡಿದ.

"ಏನಪ್ಪಾ ಓದಿದೆ ನೀನು ಅಲ್ಲಿ?"

"ಚಾರ್ಟು."

"ಯಾವ ಚಾರ್ಟು ಮಾರಾಯ? ಸುಣ್ಣ ಹೊಡೆಯೋಕೆ ಅಂತ ಅದನ್ನ ಇಳಿಸಿ ಬೀರು ಹಿಂದೆ ಇಟ್ಟಿದ್ದಾರೆ. ಗೋಡೇಲಿ ಒಂದು ಮೊಳೆ ಬಿಟ್ರೆ ಏನೂ ಇಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಆ ಮೊಳೆಯನ್ನೂ ನೋಡಿರಲಿಲ್ಲ. ಇರಲಿ, ನನ್ನದು ರೋಗದ ಕಣ್ಣು. ಆ ಕೋಣೆಯಲ್ಲಿ ಇನ್ನೂ ನಾಲ್ಕು ಕಣ್ಣುಗಳಿದ್ದವಲ್ಲ, ಅವಕ್ಕೇನಾಗಿತ್ತು? ಅವಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡುವವರು ಯಾರು?

ಮರುದಿನದಿಂದಲೇ ರಜೆ ಹಾಕಿ, ಹೊರಗಿನ ಡಾಕ್ಟರ ಚೀಟಿ ಲಗತ್ತಿಸಿ, ಬೇರೆ ಕೆಲಸ ಕೊಡಿ ಎಂದು ಅರ್ಜಿ ಕೊಟ್ಟೆ. ‘ಸದರಿ ಚಾಲಕರ ದೃಷ್ಟಿ ಸಂಪೂರ್ಣವಾಗಿರುವುದು ದೃಢಪಟ್ಟಿರುವುದರಿಂದ ಕೋರಿಕೆಯನ್ನು ಪರಿಗಣಿಸಲು ಬರುವುದಿಲ್ಲ’ ಎಂದು ಉತ್ತರ ಬಂತು. ಡಿಪೋ ಮ್ಯಾನೇಜರ್ ಒಳ್ಳೆಯ ಮನುಷ್ಯ. ಬಾಗಿಲು ಮುಂದೆ ಮಾಡಿ ಹೇಳಿದರು: "ನೋಡಪ್ಪಾ, ಗೋಡೆ ಓದಿದೆ ಅಂತ ಬರೆದುಕೊಟ್ರೆ ಮೋಸ ಮಾಡಿದ ಹಾಗಾಗುತ್ತೆ, ಕೆಲಸ ಹೋಗುತ್ತೆ. ಬರೆದುಕೊಡದಿದ್ರೆ ನಿನ್ನ ಕಣ್ಣು ಚೆನ್ನಾಗಿದೆ ಅಂತ ಲೆಕ್ಕ. ರಜೆ ಮುಗೀತಲ್ಲ, ಸೋಮವಾರ ಬಂದು ಗಾಡಿ ತಗೋ."

ಇಲ್ಲಿಗೆ ಬಂದಾಗ ಮಗಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಅಪ್ಪಾ, ಇದನ್ನ ಬಿಟ್ಟುಬಿಡ್ಲಾ? ಇನ್ನೂ ಟೈಮಿದೆ" ಎಂದಳು. ಹಾಕು ಎಂದೆ. ಈ ಕಾಗದದಿಂದ ನನ್ನ ಕೆಲಸ ಹೋಗಬಹುದು. ಆ ಕಾಗದದಿಂದ ಯಾರ ಜೀವ ಹೋಗುತ್ತದೋ ಗೊತ್ತಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ನನಗೆ ಗೊತ್ತಿಲ್ಲದ ಅಕ್ಷರಗಳನ್ನು ಇಟ್ಟು ಮತ್ತೆ ಪರೀಕ್ಷಿಸಿ, ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ಕಂಡದ್ದನ್ನು ಬರೆಯಿರಿ. ನಮ್ಮ ಡಿಪೋದ ಉಳಿದವರನ್ನೂ ಕರೆಸಿ. ಗುಂಡಣ್ಣ ನನ್ನನ್ನು ಬೈಯುತ್ತಾನೆ, ಬೈಯಲಿ. ನನಗೆ ಬಸ್ ತೊಳೆಯುವ ಕೆಲಸವಾದರೂ ಸರಿ. ಸೋಮವಾರ ಹೊತ್ತಿಗೆ ಸರಿಯಾಗಿ ಡಿಪೋಗೆ ಹೋಗುತ್ತೇನೆ, ಹಾಜರಿ ಹಾಕುತ್ತೇನೆ, ಬಸ್ ಹತ್ತುವುದಿಲ್ಲ. ಅಷ್ಟರೊಳಗೆ ‘ಇವನಿಗೆ ಕಾಣುವುದಿಲ್ಲ’ ಎಂದು ಒಂದು ಸಾಲು ಬರೆದು ಕಳಿಸಿ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ. ಅದೊಂದನ್ನು ಮಗಳ ಕೈಲಿ ಓದಿಸದೆ ನಾನೇ ಓದಬೇಕೆಂದಿದೆ.

ಇಂತಿ,
ಸದ್ಯಕ್ಕೆ ನಿಮ್ಮ ಕಡತದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತಿರುವ
ಒಬ್ಬ ಬಸ್ ಚಾಲಕ